ಕೊಳಲಿನ ವಿದ್ಯೆಗೆ ತಗಲುವ ವೆಚ್ಚ

ಪರೀಕ್ಷೆಗಳು ಮುಗಿದು ಫಲಿತಾಂಶಗಳು ಹೊರಬೀಳುವ ಕಾಲದಲ್ಲಿ ನಮ್ಮ ಕಚೇರಿಗೆ ಬರುವ ಕಾಗದಗಳಲ್ಲಿ ಹೆಚ್ಚಿನವು ಮಕ್ಕಳ ಮುಂದಿನ ವಿದ್ಯಾಭ್ಯಾಸವನ್ನು ಕುರಿತವಾಗಿರುತ್ತವೆ. ಈ ಸಲ ಬಂದ ಒಂದು ಕಾಗದವು ಉಳಿದವುಗಳಂತಲ್ಲ. ಹೊಳಲ್ಕೆರೆಯ ಕಡೆಯ ಉಪಾಧ್ಯಾಯರೊಬ್ಬರು ಬರೆದಿದ್ದಾರೆ. ಅವರ ಮಗಳು ಆರು ವರ್ಷಗಳಿಂದ ದಾವಣಗೆರೆಯ ವಿದ್ವಾಂಸರೊಬ್ಬರಲ್ಲಿ ಕೊಳಲು ಕಲಿಯುತ್ತಿದ್ದಾಳೆ. ಈಗ ಪದವಿಪೂರ್ವ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಕೊಳಲನ್ನೇ ಮುಖ್ಯ ವಿಷಯವಾಗಿಟ್ಟುಕೊಂಡು ಪದವಿಗೆ ಓದುವೆನೆಂದು ಹಟ ಹಿಡಿದಿದ್ದಾಳೆ. ತಂದೆಯವರು ವಿಚಾರಿಸಿದ ಖಾಸಗಿ ಸಂಸ್ಥೆಯೊಂದರಲ್ಲಿ ವರ್ಷಕ್ಕೆ ಎರಡು ಲಕ್ಷ ರೂಪಾಯಿ ಶುಲ್ಕವಂತೆ. ಊಟ ವಸತಿಗಳು ಬೇರೆ. ಮನೆಗೆ ಆಧಾರವಾಗಿರುವ ಒಂದೂವರೆ ಎಕರೆ ಅಡಕೆಯ ತೋಟವನ್ನು ಅಡವಿಟ್ಟು ಸಾಲ ತೆಗೆಯಬಹುದೇ ಎಂದು ಕೇಳಿದ್ದಾರೆ. ಎರಡನೆಯ ಮಗನು ಇನ್ನೂ ಎಂಟನೆಯ ತರಗತಿಯಲ್ಲಿದ್ದಾನೆ.

ತೋಟವನ್ನು ಅಡವಿಡಕೂಡದೆಂದು ನಾವು ಅವರಿಗೆ ಮರುಟಪಾಲಿನಲ್ಲಿಯೇ ಬರೆದೆವು. ಆದರೆ ಹುಡುಗಿಯ ಕೈಯಿಂದ ಕೊಳಲನ್ನು ಕಸಿದುಕೊಳ್ಳಬೇಕೆಂದೂ ಬರೆಯಲಿಲ್ಲ. ಈ ಎರಡು ಮಾತುಗಳೂ ಹೇಗೆ ಒಟ್ಟಿಗೆ ನಿಲ್ಲುತ್ತವೆಂಬುದನ್ನು ಇತರ ವಾಚಕರಿಗೂ ಪ್ರಯೋಜನವಾದೀತೆಂದು ಇಲ್ಲಿ ವಿಸ್ತರಿಸಿ ಹೇಳುತ್ತೇವೆ.

ಉಸಿರಿನಿಂದ ನುಡಿಯುವ ವಾದ್ಯಗಳನ್ನು ನಮ್ಮ ಪೂರ್ವಿಕರು ಸುಷಿರವಾದ್ಯಗಳೆಂದು ಕರೆದರು. ಕೊಳಲು, ನಾಗಸ್ವರ, ಮುಖವೀಣೆ, ಶಹನಾಯಿಗಳು ನಮ್ಮವು. ಕ್ಲಾರಿನೆಟ್, ಓಬೋ, ಸ್ಯಾಕ್ಸೊಫೋನ್ ಮೊದಲಾದವು ಪಾಶ್ಚಾತ್ಯರವು. ಇವುಗಳನ್ನು ಕಲಿತವರ ಜೀವನೋಪಾಯವು ಕಚೇರಿ, ಮದುವೆ, ದೇವಸ್ಥಾನದ ಉತ್ಸವ, ಮನೆಪಾಠ, ಶಾಲೆಯ ಸಂಗೀತೋಪಾಧ್ಯಾಯರ ಹುದ್ದೆ, ಪೋಲೀಸು ಸೈನ್ಯಗಳ ವಾದ್ಯಗೋಷ್ಠಿ ಇವುಗಳಿಂದಲೇ ನಡೆಯಬೇಕು. ಇವುಗಳಲ್ಲಿ ತಿಂಗಳು ತಿಂಗಳಿಗೆ ತಪ್ಪದೆ ಸಂಬಳ ಬರುವಂಥವು ಬೆರಳೆಣಿಕೆಯಷ್ಟು. ಆರು ಏಳು ಲಕ್ಷ ಸಾಲವನ್ನು ಬಡ್ಡಿಸಹಿತ ತೀರಿಸುವ ಶಕ್ತಿ ಹೊಸದಾಗಿ ಪದವಿ ಪಡೆದ ಕೊಳಲುಗಾರ್ತಿಗೆ ಹತ್ತು ವರ್ಷವಾದರೂ ಬಾರದಿರಬಹುದು. ಆ ಹತ್ತು ವರ್ಷಗಳಲ್ಲಿ ಆಕೆ ಸಾಧನೆಯನ್ನು ಬಿಟ್ಟು ಸಾಲಕ್ಕಾಗಿ ದುಡಿಯಬೇಕಾದರೆ ಯಾವ ವಿದ್ಯೆಗಾಗಿ ಸಾಲ ಮಾಡಿದೆವೋ ಆ ವಿದ್ಯೆಯೇ ಕೈಬಿಟ್ಟುಹೋಗುವುದು.

ಇನ್ನು ಶುಲ್ಕ ಹೆಚ್ಚಾದಷ್ಟೂ ವಿದ್ಯೆ ಹೆಚ್ಚೆಂಬ ಭ್ರಮೆಯು ಬೇರೆ ಕೋರ್ಸುಗಳ ವಿಷಯದಲ್ಲಿ ಎಷ್ಟು ನಿಜವೋ ನಾವು ಹೇಳಲಾರೆವು. ಕೊಳಲಿನ ವಿಷಯದಲ್ಲಂತೂ ಅದು ಪೂರ್ಣ ಸುಳ್ಳು. ಒಂದು ಬಿದಿರಿನ ತುಂಡು, ಎಂಟು ಬೆರಳುರಂಧ್ರ, ಊದುವ ರಂಧ್ರವೊಂದು. ಒಳ್ಳೆಯ ಕೊಳಲು ಕೆಲವು ನೂರು ರೂಪಾಯಿಗಳಿಂದ ಕೆಲವು ಸಾವಿರದೊಳಗೆ ದೊರೆಯುತ್ತದೆ. ಬೇರೆ ಬೇರೆ ಶ್ರುತಿಗಳ ನಾಲ್ಕೈದು ಕೊಳಲುಗಳನ್ನು ಕೊಂಡರೂ ಒಂದು ಸಾಧಾರಣ ಮೊಬೈಲಿನ ಬೆಲೆಯಾಗದು. ಕುಂಭಕೋಣದ ಶರಭ ಶಾಸ್ತ್ರಿಗಳು (೧೮೭೨-೧೯೦೪) ಅಂಧರು. ಕೊಳಲನ್ನು ತನಿಕಚೇರಿಯ ವಾದ್ಯವನ್ನಾಗಿ ಮಾಡಿದ ಕೀರ್ತಿ ಅವರದು. ಮಾಲಿಯೆಂದೇ ಹೆಸರಾದ ಟಿ. ಆರ್. ಮಹಾಲಿಂಗಂ ಅವರು ಬಾಲ್ಯದಲ್ಲಿಯೇ ಕಚೇರಿ ಮಾಡಿ ದೊಡ್ಡ ವಿದ್ವಾಂಸರನ್ನು ಬೆರಗುಗೊಳಿಸಿದವರು. ಇವರು ಯಾರೂ ಕಾಲೇಜಿನ ಮೆಟ್ಟಿಲು ಹತ್ತಿ ಕೊಳಲು ಕಲಿತವರಲ್ಲ. ನಮ್ಮ ಬಂಟ್ವಾಳ ತಾಲ್ಲೂಕಿನ ಸಜಿಪಮೂಡದ ಕದ್ರಿ ಗೋಪಾಲನಾಥರು (೧೯೪೯-೨೦೧೯) ನಾಗಸ್ವರದ ಮನೆತನದಲ್ಲಿ ಹುಟ್ಟಿ, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನಿನ ನಾದವನ್ನು ಕೇಳಿ ಮನಸೋತು, ಆ ಪರದೇಶದ ವಾದ್ಯದಲ್ಲಿ ಗಮಕಗಳನ್ನು ಹೊರಡಿಸಲು ಅನೇಕ ವರ್ಷ ಒದ್ದಾಡಿದರು. ಅದಕ್ಕೆ ಪಠ್ಯಕ್ರಮವೆಲ್ಲಿತ್ತು? ಮಂಗಳೂರಿನ ಕಲಾನಿಕೇತನದ ಗೋಪಾಲಕೃಷ್ಣ ಅಯ್ಯರ್ ಅವರಂಥ ಗುರುಗಳಿದ್ದರು, ಅಷ್ಟೆ.

ಹಾಗೆಂದು ಕಾಲೇಜೇ ಬೇಡವೆಂದು ನಮ್ಮ ಅಭಿಪ್ರಾಯವಲ್ಲ. ಮಾಲಿಯವರಂಥ ಪ್ರತಿಭೆ ಎಲ್ಲರ ಮನೆಯಲ್ಲಿಯೂ ಹುಟ್ಟುವುದಿಲ್ಲ. ಲಕ್ಷ್ಯದೊಡನೆ ಲಕ್ಷಣವೂ ತಿಳಿದಿರಬೇಕು, ನಾಳೆ ಉದ್ಯೋಗಕ್ಕೆ ಅರ್ಜಿ ಹಾಕುವಾಗ ಕೈಯಲ್ಲೊಂದು ಪ್ರಮಾಣಪತ್ರವಿರಬೇಕು ಎಂಬ ತಂದೆತಾಯಿಗಳ ಆಸೆ ನ್ಯಾಯವಾದುದೇ. ಆದರೆ ಅದಕ್ಕೆ ಅಗ್ಗದ ದಾರಿಗಳು ಒಂದೆರಡಲ್ಲ.

ಮೊದಲನೆಯದು ಮನೆಯ ಬಾಗಿಲಿನಲ್ಲಿಯೇ ಇರುವುದು. ಜೂನಿಯರ್, ಸೀನಿಯರ್, ವಿದ್ವತ್ ಎಂದು ನಮ್ಮ ರಾಜ್ಯದಲ್ಲಿ ಬಹುಕಾಲದಿಂದ ನಡೆದುಬಂದಿರುವ ಸಂಗೀತ ಪರೀಕ್ಷೆಗಳಿಗೆ ಖಾಸಗಿಯಾಗಿ ಗುರುಗಳಲ್ಲಿ ಕಲಿತವರೂ ಕುಳಿತುಕೊಳ್ಳಬಹುದು, ಕೊಳಲಿನಲ್ಲಿಯೂ ಪರೀಕ್ಷೆಯುಂಟು. ಉತ್ತರ ಕರ್ನಾಟಕದಲ್ಲಿ ಹಿಂದೂಸ್ಥಾನಿ ಬಾನ್ಸುರಿ ಕಲಿಯುವವರು ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಲದ ವಿಶಾರದ, ಅಲಂಕಾರ ಪರೀಕ್ಷೆಗಳಿಗೆ ಕಟ್ಟುವುದು ರೂಢಿ. ಪರೀಕ್ಷಾಶುಲ್ಕವನ್ನೂ ಗುರುದಕ್ಷಿಣೆಯನ್ನೂ ಬಿಟ್ಟರೆ ಬೇರೆ ಖರ್ಚಿಲ್ಲ. ಹೊಳಲ್ಕೆರೆಯ ಮಹನೀಯರಿಗೆ ನಾವು ಸೂಚಿಸಿದ್ದೂ ಇದನ್ನೇ. ಹತ್ತಿರದ ಸರಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಮಗಳು ಸಾಮಾನ್ಯ ಪದವಿಗೆ ಸೇರಲಿ. ವಾರಕ್ಕೆ ಎರಡು ದಿವಸ ದಾವಣಗೆರೆಯ ಗುರುಗಳಲ್ಲಿಗೆ ಹೋಗಿ ವಿದ್ವತ್ ಪರೀಕ್ಷೆಗೆ ಸಿದ್ಧಳಾಗಲಿ. ೨೦೨೩ರಲ್ಲಿ ಜಾರಿಗೆ ಬಂದ ಯೋಜನೆಯಂತೆ ನಮ್ಮ ಸರಕಾರಿ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಪ್ರಯಾಣವು ಉಚಿತವಾಗಿರುವುದರಿಂದ ದಾರಿಯ ವೆಚ್ಚವೂ ಉಳಿಯುವುದು. ಆರು ವರ್ಷ ಬಲ್ಲ ಗುರುವನ್ನು ಬಿಟ್ಟು, ಹೆಸರು ಕೇಳಿದ ಕಟ್ಟಡವೊಂದಕ್ಕೆ ಹೋಗುವುದು ಸುಷಿರವಾದ್ಯದ ವಿದ್ಯಾರ್ಥಿಗೆ ಅಷ್ಟು ಸುಲಭದ ಮಾತಲ್ಲ. ತುಟಿಯಿಡುವ ಬಗೆ, ಉಸಿರು ತೆಗೆಯುವ ಬಗೆ, ತುತ್ತುಕಾರ ಇವು ಗುರುವಿನಿಂದ ಗುರುವಿಗೆ ಬೇರೆ. ಬದಲಾಯಿಸಿದ ಮೇಲೆ ಸ್ವರವು ಮತ್ತೆ ನೆಲೆನಿಲ್ಲುವುದಕ್ಕೆ ಎಷ್ಟೋ ತಿಂಗಳು ಹಿಡಿಯುತ್ತವೆ.

ಕೇಂದ್ರ ಸಂಸ್ಕೃತಿ ಸಚಿವಾಲಯದವರು ೧೮ರಿಂದ ೨೫ ವರ್ಷದೊಳಗಿನ ಯುವ ಕಲಾವಿದರಿಗಾಗಿ ಕೊಡುವ ವಿದ್ಯಾರ್ಥಿವೇತನವೊಂದಿದೆ. ತಿಂಗಳಿಗೆ ೫,೦೦೦ ರೂಪಾಯಿಗಳಂತೆ ಎರಡು ವರ್ಷ. ಗುರುವಿನಲ್ಲಾಗಲಿ ಸಂಸ್ಥೆಯಲ್ಲಾಗಲಿ ಕಡಮೆಯೆಂದರೆ ಐದು ವರ್ಷ ಅಭ್ಯಾಸ ಮಾಡಿರಬೇಕೆಂಬುದು ನಿಯಮ. ಆರು ವರ್ಷ ಕಲಿತ ಈ ಹುಡುಗಿಯು ವಯಸ್ಸು ತುಂಬಿದೊಡನೆ ಅರ್ಜಿ ಹಾಕಲು ಅಡ್ಡಿಯಿಲ್ಲ. ಇದಕ್ಕಿಂತ ಚಿಕ್ಕ ಮಕ್ಕಳಿಗೆ, ಹತ್ತರಿಂದ ಹದಿನಾಲ್ಕು ವರ್ಷದೊಳಗಿನವರಿಗೆ, ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರದ ಪ್ರತಿಭಾನ್ವೇಷಣ ವೇತನವುಂಟು. ಮೊತ್ತ ದೊಡ್ಡದಲ್ಲ, ಆದರೂ ಗುರುಗಳಿಗೆ ಕೊಡುವ ಸಂಭಾವನೆಗೆ ಅದು ಒದಗುತ್ತದೆ. ನಮ್ಮ ಹಳ್ಳಿಗಳ ತಂದೆತಾಯಿಗಳು ಇಂತಹವುಗಳ ಪ್ರಕಟಣೆಯನ್ನು ನೋಡುವುದೇ ಇಲ್ಲ. ನೋಡಿದರೂ ಅದು ಪಟ್ಟಣದವರಿಗೆಂದು ಭಾವಿಸಿ ಸುಮ್ಮನಾಗುತ್ತಾರೆ.

ಪೂರ್ಣಕಾಲದ ಪದವಿಯೇ ಬೇಕೆನ್ನುವವರು ಸರಕಾರಿ ವಿಶ್ವವಿದ್ಯಾನಿಲಯಗಳನ್ನು ಮೊದಲು ವಿಚಾರಿಸತಕ್ಕದ್ದು. ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಪಂಡಿತ ಓಂಕಾರನಾಥ ಠಾಕೂರರ ನೇತೃತ್ವದಲ್ಲಿ ೧೯೫೦ರಲ್ಲಿ ಸಂಗೀತ ಮಹಾವಿದ್ಯಾಲಯವು ಆರಂಭವಾಯಿತು. ಅಲ್ಲಿ ಸಿತಾರ್, ಪಿಟೀಲು, ತಬಲಗಳ ಜೊತೆಗೆ ಕೊಳಲಿನಲ್ಲಿಯೂ ಪದವಿಯುಂಟು. ಶುಲ್ಕವು ಖಾಸಗಿಯವರ ಶುಲ್ಕದೊಡನೆ ಹೋಲಿಸಲಾಗದಷ್ಟು ಕಡಮೆ. ಆದರೆ ಅಲ್ಲಿಯದು ಹಿಂದೂಸ್ಥಾನಿ ಬಾನ್ಸುರಿ. ಉದ್ದನೆಯ ಆ ಕೊಳಲಿಗೂ ನಮ್ಮ ಕರ್ನಾಟಕ ಸಂಗೀತದ ಗಿಡ್ಡ ಕೊಳಲಿಗೂ ಬೆರಳಿಡುವ ಕ್ರಮವೇ ಬೇರೆ. ಧಾರವಾಡ ಹುಬ್ಬಳ್ಳಿಗಳ ಮಕ್ಕಳಿಗೆ ಕಾಶಿಯು ಹತ್ತಿರ, ಮೈಸೂರಿನವರಿಗೆ ದೂರವೆಂದರೆ ಭೂಗೋಳ ಬಲ್ಲವರು ನಗಬಹುದು. ಬೆರಳುಗಳ ಮಟ್ಟಿಗೆ ಮಾತ್ರ ಅದು ನಿಜ.

ನಮ್ಮಲ್ಲಿಯೇ ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಅವರ ಹೆಸರಿನ ಸಂಗೀತ ವಿಶ್ವವಿದ್ಯಾನಿಲಯವಿದೆ. ಬೇರೆ ವಿಶ್ವವಿದ್ಯಾನಿಲಯಗಳಲ್ಲಿಯೂ ಸಂಗೀತ ವಿಭಾಗಗಳಿವೆ. ಇಂತಹ ಕಡೆಗಳಲ್ಲಿ ಹಾಡುಗಾರಿಕೆ, ವೀಣೆ, ಪಿಟೀಲುಗಳಿಗೆ ಇರುವ ಅನುಕೂಲವು ಕೊಳಲಿಗೆ ಇದೆಯೇ ಎಂಬುದನ್ನು ಆ ಆ ವರ್ಷವೇ ಹೋಗಿ ಕೇಳಬೇಕು. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಹೆಸರನ್ನು ಇಲ್ಲಿ ಹೇಳದಿದ್ದರೆ ಅಪಚಾರವಾದೀತು. ಪಂಚಾಕ್ಷರಿ ಗವಾಯಿಗಳು ಕಟ್ಟಿ ಪುಟ್ಟರಾಜ ಗವಾಯಿಗಳು ೨೦೧೦ರವರೆಗೆ ನಡೆಸಿದ ಆ ಮನೆಯಲ್ಲಿ ಅಂಧರಿಗೂ ಬಡವರಿಗೂ ಅನ್ನ, ಆಶ್ರಯ, ಸಂಗೀತ ಮೂರನ್ನೂ ಕಾಸಿಲ್ಲದೆ ಕೊಟ್ಟಿದ್ದಾರೆ. ಅಲ್ಲಿಗೆ ಹೋಗುವ ಮುನ್ನವೂ ಸುಷಿರವಾದ್ಯದ ಪಾಠಕ್ಕೆ ಆಗ ಯಾರಿದ್ದಾರೆಂದು ವಿಚಾರಿಸಿಕೊಳ್ಳುವುದು ಒಳಿತು.

ಈಗ ನಾಗಸ್ವರದ ಮಾತು. ಕೊಳಲಿಗೆ ಸೀಟು ಸಿಕ್ಕುವುದು ಕಷ್ಟವೆಂದು ಕೊರಗುವವರ ನಡುವೆ, ಸೀಟುಗಳು ಕಾದಿದ್ದರೂ ಕೂರುವವರಿಲ್ಲದ ವಾದ್ಯವಿದು. ತಮಿಳುನಾಡಿನ ಸರಕಾರವು ಹದಿನೇಳು ಜಿಲ್ಲಾ ಸಂಗೀತ ಶಾಲೆಗಳನ್ನು ನಡೆಸುತ್ತಿದೆ. ಅವುಗಳಲ್ಲಿ ನಾಗಸ್ವರವೂ ತವಿಲೂ ಪಾಠವಿಷಯಗಳು. ಮೂರು ವರ್ಷದ ಶಿಕ್ಷಣ. ಶುಲ್ಕವು ಹೆಸರಿಗೆ ಮಾತ್ರ. ಮದರಾಸಿನಲ್ಲಿ ೧೯೪೯ರಲ್ಲಿ ಮುಸಿರಿ ಸುಬ್ರಹ್ಮಣ್ಯ ಅಯ್ಯರ್ ಅವರನ್ನು ಮುಖ್ಯಸ್ಥರನ್ನಾಗಿಟ್ಟುಕೊಂಡು ಆರಂಭವಾದ ಸರಕಾರಿ ಸಂಗೀತ ಕಾಲೇಜು ಈಗಲೂ ಇದೆ. ತಿರುವಾಂಕೂರು ದೇವಸ್ವಂ ಮಂಡಳಿಯವರು ವೈಕಂನಲ್ಲಿ ಕ್ಷೇತ್ರಕಲಾಪೀಠವನ್ನು ನಡೆಸುತ್ತಿದ್ದಾರೆ. ಎಲ್ಲಕ್ಕಿಂತ ನಮಗೆ ಸಮೀಪವಾದುದು ತಿರುಪತಿ. ತಿರುಮಲೆಯ ದೇವಸ್ಥಾನದವರು ೧೯೫೯ರಲ್ಲಿ ಸ್ಥಾಪಿಸಿದ ಶ್ರೀ ವೆಂಕಟೇಶ್ವರ ಸಂಗೀತ ನೃತ್ಯ ಕಲಾಶಾಲೆಯ ಜೊತೆಯಲ್ಲಿ ನಾಗಸ್ವರ, ಡೋಲುಗಳಿಗಾಗಿಯೇ ಪ್ರತ್ಯೇಕ ಪಾಠಶಾಲೆಯಿದೆ. ಕೋಲಾರ, ಪಾವಗಡದ ಕಡೆಯ ಓಲಗದ ಮನೆತನಗಳಿಗೆ ತೆಲುಗು ಹೊಸದಲ್ಲ. ಅಲ್ಲಿಗೆ ಮಕ್ಕಳನ್ನು ಕಳುಹಿಸುವುದಕ್ಕೆ ಭಾಷೆಯು ಅಡ್ಡಿಯಾಗದು.

ಆದರೆ ಕಳುಹಿಸುವವರು ಯಾರು? ಓಲಗ ಊದಿ ಮನೆತನ ನಡೆಸಿದ ತಂದೆಯೇ ಮಗನನ್ನು ಬೆಂಗಳೂರಿನ ಕಾರಖಾನೆಗೆ ಕಳುಹಿಸುತ್ತಾನೆ. ಅವನನ್ನು ನಾವು ದೂರುವುದಿಲ್ಲ. ಮದುವೆಯ ಮನೆಯಲ್ಲಿ ಧಾರೆಯ ಹೊತ್ತಿಗೆ ಗಟ್ಟಿಮೇಳವೆಂದು ಕೂಗುವ ಜನ, ಊಟದ ಹೊತ್ತಿಗೆ ಓಲಗದವರನ್ನು ಕಡೆಯ ಪಂಕ್ತಿಗೆ ನಿಲ್ಲಿಸಿದ್ದನ್ನು ಅವನು ಕಂಡಿದ್ದಾನೆ. ತನಗಾದ ಅವಮಾನವು ಮಗನಿಗಾಗದಿರಲೆಂದು ಬಯಸುವುದು ಸಹಜ. ಇದೇ ಅವಮಾನವನ್ನು ತಿರುವಾವಡುದುರೈಯ ರಾಜರತ್ನಂ ಪಿಳ್ಳೆಯವರು (೧೮೯೮-೧೯೫೬) ತಮ್ಮ ವಾದ್ಯದ ಬಲದಿಂದಲೇ ಎದುರಿಸಿದರು. ಎತ್ತರದ ಶ್ರುತಿಯ ಗಿಡ್ಡ ತಿಮಿರಿ ನಾಗಸ್ವರಕ್ಕೆ ಬದಲಾಗಿ ಉದ್ದನೆಯ ಬಾರಿ ನಾಗಸ್ವರವನ್ನು ಬಳಕೆಗೆ ತಂದು, ರಾಜಮಹಾರಾಜರ ಮುಂದೆಯೂ ತಲೆಯೆತ್ತಿ ನುಡಿಸಿದವರು ಅವರು. ಹಾಡುಗಾರರ ಸಮಸಮವಾಗಿ ವೇದಿಕೆಯ ಮೇಲೆ ಕುಳಿತುಕೊಳ್ಳುವ ಗೌರವವು ನಾಗಸ್ವರಕ್ಕೆ ಬಂದುದರಲ್ಲಿ ಅವರ ಪಾಲು ದೊಡ್ಡದು.

ಈ ವಾದ್ಯವನ್ನು ಮಾಡುವ ಮರಕ್ಕೆ ತಮಿಳಿನಲ್ಲಿ ಆಚಾ ಎನ್ನುತ್ತಾರೆ. ತುಮಕೂರು ಸೀಮೆಯ ಒಣಕಾಡುಗಳಲ್ಲಿ ಬೆಳೆಯುವ ನಮ್ಮ ಕಮರವೇ ಅದು. ಕುಂಭಕೋಣದ ಬಳಿಯ ನರಸಿಂಗಂಪೇಟೆಯ ಕುಶಲಿಗಳು ಹಳೆಯ ಮನೆಗಳಿಂದ ಇಳಿಸಿದ, ಬಹುಕಾಲ ಒಣಗಿದ ಮರವನ್ನೇ ಹುಡುಕಿ ತಂದು ಕಡೆಯುತ್ತಾರೆ. ೨೦೨೨ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆತಿದೆ. ನಾಗಸ್ವರದ ಬೆಲೆ ಕೊಳಲಿಗಿಂತ ಹೆಚ್ಚು. ಬಾಯಿಗಿಡುವ ಹುಲ್ಲಿನ ಶೀವಾಳಿಗಳನ್ನು ಮೇಲಿಂದ ಮೇಲೆ ಕೊಳ್ಳುತ್ತಲೂ ಇರಬೇಕು. ಇದಕ್ಕಿಂತ ದೊಡ್ಡ ತೊಂದರೆಯೊಂದುಂಟು: ಪಟ್ಟಣದ ವಠಾರದಲ್ಲಿ ಬೆಳಗಿನ ನಾಲ್ಕು ಗಂಟೆಗೆ ನಾಗಸ್ವರ ಸಾಧನೆ ಮಾಡುವ ವಿದ್ಯಾರ್ಥಿಯ ಮೇಲೆ ನೆರೆಮನೆಯವರು ಎಷ್ಟು ದಿನ ತಾಳ್ಮೆ ತೋರಿಸುವರು? ಆದಕಾರಣ ಈ ವಾದ್ಯ ಕಲಿಯುವವನಿಗೆ ವಿದ್ಯಾರ್ಥಿನಿಲಯವೂ ಊದುವುದಕ್ಕೊಂದು ಸ್ಥಳವೂ ಪಾಠದಷ್ಟೇ ಮುಖ್ಯ. ಸರಕಾರದ ಅಥವಾ ದೇವಸ್ಥಾನದ ಶಾಲೆಗಳಿಗೆ ಹೋಗಿ ಎಂದು ನಾವು ಹೇಳುವುದಕ್ಕೆ ಇದೂ ಒಂದು ಕಾರಣ.

ಹೆಣ್ಣುಮಕ್ಕಳು ಊದುವ ವಾದ್ಯವನ್ನು ಮುಟ್ಟಬಾರದೆಂದು ಇನ್ನೂ ಹೇಳುವ ಅಜ್ಜಿಯಂದಿರಿದ್ದಾರೆ. ಅವರಿಗೆ ಸಿಕ್ಕಿಲ್ ಸಹೋದರಿಯರ ಹೆಸರು ಹೇಳಿದರೆ ಸಾಕು. ಕುಂಜುಮಣಿ, ನೀಲಾ ಎಂಬ ಈ ಅಕ್ಕತಂಗಿಯರು ಕೊಳಲನ್ನೇ ಊದಿ ೨೦೦೨ರಲ್ಲಿ ಮದರಾಸು ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿಗಳಾದರು. ನಾಗಸ್ವರದಲ್ಲಿ ಮಧುರೆಯ ಪೊನ್ನುತ್ತಾಯಿಯವರೂ, ಪತಿಯೊಡನೆ ನುಡಿಸಿ ೨೦೨೦ರಲ್ಲಿ ಪದ್ಮಶ್ರೀ ಪಡೆದ ಕಾಲೀಶಾಬಿಯವರೂ ಹೆಸರಾದವರು.

ಪಾಶ್ಚಾತ್ಯ ಸುಷಿರವಾದ್ಯಗಳನ್ನು ಕಲಿಯುವ ಪಟ್ಟಣದ ಮಕ್ಕಳ ತಂದೆತಾಯಿಗಳಿಗೆ ಎರಡು ಮಾತು. ಇಲ್ಲಿ ವಾದ್ಯದ ಬೆಲೆಯೇ ಮೊದಲ ಪೆಟ್ಟು. ಓಬೋ, ಬಸೂನ್‌ಗಳಿಗೆ ಲಕ್ಷಗಟ್ಟಲೆ ತೆರಬೇಕು. ಶುಲ್ಕವೇ ಇಲ್ಲದ ಶ್ರೇಷ್ಠ ವಿದ್ಯಾಲಯಗಳು ಇಲ್ಲದಿಲ್ಲ. ಅಮೇರಿಕದ ಫಿಲಡೆಲ್ಫಿಯದಲ್ಲಿರುವ ಕರ್ಟಿಸ್ ವಿದ್ಯಾಲಯವು ೧೯೨೮ರಿಂದ ಯಾವ ವಿದ್ಯಾರ್ಥಿಯಿಂದಲೂ ಬೋಧನಾಶುಲ್ಕವನ್ನು ತೆಗೆದುಕೊಂಡಿಲ್ಲ. ಆದರೆ ಒಂದು ವಾದ್ಯವೃಂದದಲ್ಲಿ ಪಿಟೀಲಿನವರು ಮೂವತ್ತು ಮಂದಿ ಕುಳಿತರೆ ಓಬೋ ನುಡಿಸುವವರು ಇಬ್ಬರೋ ಮೂವರೋ. ಆದುದರಿಂದ ಅಲ್ಲಿ ತೆರವಾಗುವುದು ವರ್ಷಕ್ಕೆ ಒಂದೋ ಎರಡೋ ಸ್ಥಾನ; ಅದಕ್ಕೆ ಪ್ರಪಂಚದ ಎಲ್ಲೆಡೆಯಿಂದ ಮಕ್ಕಳು ಬರುತ್ತಾರೆ. ಜರ್ಮನಿಯ ಸರಕಾರಿ ಸಂಗೀತ ಕಾಲೇಜುಗಳು ಹೆಚ್ಚಿನ ಪ್ರಾಂತಗಳಲ್ಲಿ ಶುಲ್ಕವಿಲ್ಲದೆ ಕಲಿಸುತ್ತವೆ. ಆದರೆ ಬಾಡೆನ್ ವುರ್ಟೆಂಬರ್ಗ್ ಪ್ರಾಂತದಲ್ಲಿ ೨೦೧೭ರಿಂದ ನಮ್ಮಂಥ ಹೊರದೇಶದವರು ಅರ್ಧವರ್ಷಕ್ಕೆ ೧,೫೦೦ ಯೂರೋ ಕೊಡಬೇಕು. ಶುಲ್ಕವಿಲ್ಲವೆಂದು ಹಿಗ್ಗುವ ಮೊದಲು ಇನ್ನೊಂದು ಲೆಕ್ಕವಿದೆ. ಅಲ್ಲಿಗೆ ಹೋಗುವ ವಿದ್ಯಾರ್ಥಿಯು ಒಂದು ವರ್ಷದ ಜೀವನವೆಚ್ಚವನ್ನು ಮೊದಲೇ ಬ್ಯಾಂಕಿನಲ್ಲಿಟ್ಟು ತೋರಿಸಬೇಕು. ೨೦೨೪ರ ಸೆಪ್ಟೆಂಬರಿನಲ್ಲಿ ಅದನ್ನು ೧೧,೯೦೪ ಯೂರೋ ಎಂದು ಗೊತ್ತುಮಾಡಿದರು. ನಮ್ಮ ಲೆಕ್ಕದಲ್ಲಿ ಹತ್ತು ಲಕ್ಷಕ್ಕೂ ಮೇಲಾಯಿತು.

ಈ ವಾದ್ಯಗಳನ್ನು ಸಂಬಳ ತೆಗೆದುಕೊಳ್ಳುತ್ತ ಕಲಿಯುವ ದಾರಿಯೂ ನಮ್ಮ ದೇಶದಲ್ಲಿಯೇ ಇದೆ. ಭೂಸೈನ್ಯದವರು ಮಧ್ಯಪ್ರದೇಶದ ಪಚ್ಮಢಿಯಲ್ಲಿ ತಮ್ಮ ವಾದ್ಯಗಾರರಿಗೆ ಶಿಕ್ಷಣ ಕೊಡುತ್ತಾರೆ; ನೌಕಾಸೈನ್ಯದ ಸಂಗೀತ ಶಾಲೆಯು ಮುಂಬಯಿಯಲ್ಲಿದೆ. ಮೈಸೂರು ಅರಮನೆಯಲ್ಲಿದ್ದ ಇಂಗ್ಲಿಷ್ ಬ್ಯಾಂಡು, ಕರ್ನಾಟಕ ಬ್ಯಾಂಡುಗಳ ಪರಂಪರೆಯನ್ನು ಇಂದು ನಮ್ಮ ರಾಜ್ಯದ ಪೋಲೀಸಿನವರು ಮುಂದುವರಿಸಿಕೊಂಡು ಬಂದಿದ್ದಾರೆ. ಕ್ಲಾರಿನೆಟ್ ಹಿಡಿದ ಬಡಮನೆಯ ಹುಡುಗನಿಗೆ ಇವುಗಳಿಗಿಂತ ಭದ್ರವಾದ ನೆಲೆಯನ್ನು ನಾವು ಕಾಣೆವು. ಸಮವಸ್ತ್ರ ಹಾಕಿಕೊಂಡು ನುಡಿಸುವುದು ಕಲೆಗೆ ಕಡಮೆಯೆನ್ನುವವರು, ಗೋಪಾಲನಾಥರ ಮನಸ್ಸನ್ನು ಸೆಳೆದದ್ದು ಬ್ಯಾಂಡಿನ ವಾದ್ಯವೇ ಎಂಬುದನ್ನು ನೆನೆಯಲಿ.

ಯಾವ ಕಾಲೇಜಿಗೇ ಸೇರಿಸಲಿ, ಹಣ ಕಟ್ಟುವ ಮುನ್ನ ತಂದೆತಾಯಿಗಳು ಒಮ್ಮೆ ಅಲ್ಲಿಗೆ ಖುದ್ದಾಗಿ ಹೋಗಬೇಕು. ವಿವರಣಪತ್ರಿಕೆಯಲ್ಲಿ ವಾದ್ಯಸಂಗೀತವೆಂದು ಅಚ್ಚಾಗಿದ್ದರೆ ಸಾಲದು. ವೀಣೆಯ ವಿದ್ವಾಂಸರೇ ಕೊಳಲಿನ ತರಗತಿಯನ್ನೂ ನೋಡಿಕೊಳ್ಳುವ ಏರ್ಪಾಡು ಎಷ್ಟೋ ಕಡೆ ಉಂಟು. ರಾಗ, ತಾಳ, ಕೃತಿಗಳನ್ನು ಅವರು ಚೆನ್ನಾಗಿಯೇ ಹೇಳಿಕೊಟ್ಟಾರು. ಮೂರನೆಯ ಸ್ಥಾಯಿಯಲ್ಲಿ ಸ್ವರ ಏಕೆ ಒಡೆಯುತ್ತದೆಂದು ಕೇಳಿದರೆ ಅವರೇನು ಹೇಳಬಲ್ಲರು? ಕಲಿಸುವವರು ಸ್ವತಃ ಆ ವಾದ್ಯವನ್ನು ನುಡಿಸುವವರೇ, ಅವರ ನೇಮಕವು ಕಾಯಮ್ಮಾದುದೇ ಅಥವಾ ವರ್ಷಕ್ಕೊಮ್ಮೆ ಬದಲಾಗುವ ಅತಿಥಿ ಉಪನ್ಯಾಸಕರೇ, ವಾರದಲ್ಲಿ ಒಬ್ಬ ವಿದ್ಯಾರ್ಥಿಗೆ ಒಂಟಿಯಾಗಿ ಎಷ್ಟು ಹೊತ್ತು ಪಾಠ ಸಿಕ್ಕುವುದು ಎಂದು ನೇರವಾಗಿ ಕೇಳಿರಿ. ಕೇಳುವುದಕ್ಕೆ ಸಂಕೋಚಪಡಬೇಕಾಗಿಲ್ಲ, ವಾದ್ಯ ಬಲ್ಲವರು ಈ ಪ್ರಶ್ನೆಗಳಿಂದ ಸಂತೋಷಪಡುತ್ತಾರೆ. ಪರೀಕ್ಷೆಯ ಶುಲ್ಕ, ವಿದ್ಯಾರ್ಥಿನಿಲಯದ ಶುಲ್ಕ, ಅಭಿವೃದ್ಧಿಯ ಶುಲ್ಕವೆಂದು ಬಿಡಿಬಿಡಿಯಾಗಿ ಕೇಳುವವುಗಳನ್ನೆಲ್ಲ ಮೂರು ವರ್ಷಕ್ಕೂ ಕೂಡಿಸಿ ಬರೆದುಕೊಡಿರೆಂದು ಹೇಳಿರಿ. ಅಂಚೆಯ ಮೂಲಕ ಕೊಳಲಿನ ಪದವಿ ಕೊಡುವೆವೆನ್ನುವವರೊಡನೆ ಮಾತು ಬೆಳೆಸುವುದೇ ಬೇಡ.

ಹೊಳಲ್ಕೆರೆಯಿಂದ ಮೊನ್ನೆ ಎರಡನೆಯ ಕಾಗದ ಬಂದಿದೆ. ಮಗಳಿಗೆ ನಮ್ಮ ಸಲಹೆಯು ಪೂರ್ತಿ ಒಪ್ಪಿಗೆಯಾದಂತಿಲ್ಲ. ಗೆಳತಿಯರೆಲ್ಲ ದೊಡ್ಡ ಪಟ್ಟಣಕ್ಕೆ ಹೊರಟಿರುವಾಗ ತಾನೊಬ್ಬಳು ಊರಿನಲ್ಲಿ ಉಳಿಯಬೇಕಲ್ಲವೆಂಬ ಬೇಸರ ಅವಳಿಗೆ. ಹದಿನೆಂಟರ ವಯಸ್ಸಿನಲ್ಲಿ ಇದು ಸಹಜವೇ. ಒಂದು ವರ್ಷ ಈ ಕ್ರಮದಲ್ಲಿ ನಡೆದು, ವಿದ್ಯಾರ್ಥಿವೇತನದ ಗೊತ್ತಾದ ಮೇಲೆ ಮುಂದಿನ ಮಾತೆಂದು ತಂದೆಮಗಳಲ್ಲಿ ಒಪ್ಪಂದವಾಗಿದೆಯಂತೆ. ವೇತನದ ಅರ್ಜಿಯೊಡನೆ ಗುರುಗಳು ಬರೆದುಕೊಡಬೇಕಾದ ಪತ್ರದ ವಿಷಯವನ್ನು ಅವರು ಕೇಳಿದ್ದರು. ಎಷ್ಟು ವರ್ಷ, ಯಾವ ಕ್ರಮದಲ್ಲಿ, ಎಷ್ಟು ವರ್ಣ ಕೃತಿಗಳ ಪಾಠವಾಗಿದೆಯೆಂಬುದು ಅದರಲ್ಲಿ ಸ್ಪಷ್ಟವಾಗಿರಲಿ, ಗುರುಗಳ ರುಜುವೂ ತಾರೀಖೂ ತಪ್ಪದಿರಲಿ ಎಂದು ತಿಳಿಸಿದ್ದೇವೆ.